ಹಳೆಯ ಭರಣಿ, ಹಳೆಯ ಪೆಟ್ಟಿಗೆ: ಅರಿಯುವ ಬಗೆ

ನಮ್ಮ ಗಡಿನಾಡಿನ ಹಳೆಯ ಮನೆಗಳ ಉಗ್ರಾಣದಲ್ಲಿ ಉಪ್ಪಿನಕಾಯಿಯ ಭರಣಿಯೂ ಅಟ್ಟದಲ್ಲಿ ಬೀಟೆಮರದ ಪೆಟ್ಟಿಗೆಯೂ ಇಂದಿಗೂ ಉಳಿದಿರುವುದುಂಟು. ಅವನ್ನು ಗುಜರಿಗೆ ಕೊಡುವ ಮುನ್ನ ಪರೀಕ್ಷಿಸುವ ಕ್ರಮವನ್ನು ಅರಿತಿರುವುದು ಒಳಿತು.

ಬೆಳ್ಳಗೆ ಹೊಳೆಯುವುದೆಲ್ಲ ಪಿಂಗಾಣಿಯಲ್ಲ. ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣು ಬೆರೆತ ಪಾತ್ರೆಯನ್ನು ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅಪ್ಪಟ ಪಿಂಗಾಣಿ ಸಿದ್ಧಿಸುತ್ತದೆ. ಅದರ ತೆಳುವಾದ ಬಟ್ಟಲನ್ನು ದೀಪಕ್ಕೆ ಹಿಡಿದರೆ ಬೆಳಕು ತೂರಿಬರುತ್ತದೆ. ದಪ್ಪನೆಯ ಭರಣಿಗಳು ಹೆಚ್ಚಾಗಿ ಕಲ್ಲಿನಂತೆ ಗಟ್ಟಿಯಾಗುವ ಬೇರೆ ಮಣ್ಣಿನವು. ಅವುಗಳಲ್ಲಿ ಬೆಳಕು ಹಾಯದು. ಪಾತ್ರೆಯ ಅಡಿಯನ್ನೂ ನೋಡಬೇಕು. ಆಮದು ಸರಕಿನ ಮೇಲೆ ದೇಶದ ಹೆಸರನ್ನು ಅಮೆರಿಕವು 1891ರಿಂದ ಕಡ್ಡಾಯಗೊಳಿಸಿತು. ಇಂಗ್ಲಿಷಿನಲ್ಲಿ ದೇಶದ ಹೆಸರು ಮುದ್ರಿತವಾಗಿದ್ದರೆ ಆ ಪಾತ್ರೆ ಬಹುಮಟ್ಟಿಗೆ ಅನಂತರದ್ದು.

ಮರದ ಪೆಟ್ಟಿಗೆಯಲ್ಲಿ ಮೂಲೆಗಳ ಜೋಡಣೆಯನ್ನು ಗಮನಿಸಿರಿ. ಕೈಯಿಂದ ಕೊರೆದ ಹಲ್ಲುಗಳ ಅಳತೆಯಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಯಂತ್ರದವು ಒಂದೇ ಸಮನಾಗಿರುತ್ತವೆ. ಉಜ್ಜುಕಾಗದದಿಂದ ತಿಕ್ಕಿ ಹೊಸ ವಾರ್ನಿಷ್ ಬಳಿದರೆ ಕಾಲದ ಸಾಕ್ಷ್ಯವೇ ಅಳಿದುಹೋಗುತ್ತದೆ. ಮೆದುಬಟ್ಟೆಯಿಂದ ಧೂಳನ್ನೊರೆಸಿ, ಬಿಸಿಲು ಮತ್ತು ತೇವದಿಂದ ದೂರವಿಟ್ಟರೆ ಸಾಕು. ಒಡೆದು ಅಂಟಿಸಿದ ಪಿಂಗಾಣಿಯನ್ನು ಬಿಸಿನೀರಿನಲ್ಲಿ ಅದ್ದಬಾರದು.

ಪರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಹಾಗೂ ಕಲಾನಿಧಿ ಕಾಯಿದೆಯಂತೆ, ನೂರು ವರ್ಷ ತುಂಬಿದ ಕಲಾಕೌಶಲದ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಯಾವ ಗುರುತೂ ಹೇಳಲಾರದ ಚರಿತ್ರೆಯೊಂದಿದೆ: ಆ ವಸ್ತುವನ್ನು ಯಾರು, ಎಲ್ಲಿಂದ, ಯಾವ ಸಂದರ್ಭದಲ್ಲಿ ತಂದರೆಂಬುದು. ಅದನ್ನು ಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಕೇಳಿ, ಕನ್ನಡದಲ್ಲಿ ಬರೆದು, ಪೆಟ್ಟಿಗೆಯೊಳಗೆ ಇರಿಸೋಣ.