ಕರಟದಿಂದ ಹಾಲಿನ ಪ್ಯಾಕೆಟ್ಟಿಗೆ: ಟೊಮೆಟೊ ಸಸಿಯೊಂದಿಗೆ ಎರಡು ಅವಧಿ

ಬೇರು ನೀರನ್ನು ಹೀರುವ ಬಗೆಯನ್ನು 7ನೆಯ ತರಗತಿಗೆ ಬೋಧಿಸಲು ನನಗೆ 40 ನಿಮಿಷಗಳ ಎರಡು ಅವಧಿಗಳು ದೊರೆತಿದ್ದವು. ಬೇರುರೋಮದ ಚಿತ್ರ ಬರೆದು ಭಾಗ ಗುರುತಿಸುವ ಬದಲು ಸಸಿಯನ್ನು ದೊಡ್ಡ ಪಾತ್ರೆಗೆ ಬದಲಿಸುವ ಕೆಲಸವನ್ನೇ ಪಾಠವಾಗಿಸಿದೆ. ಮಕ್ಕಳು ಮೂರು ವಾರ ಮೊದಲೇ ತೆಂಗಿನ ಕರಟಗಳಲ್ಲಿ ಟೊಮೆಟೊ ಬೀಜ ಹಾಕಿದ್ದರು. ಬೀಜದಳಗಳ ಮೇಲೆ ಮೂರ್ನಾಲ್ಕು ನಿಜವಾದ ಎಲೆಗಳು ಬಂದಿದ್ದವು. ಬದಲಿಸಲು ಅದೇ ಹದ.

ತೊಳೆದ ಹಾಲಿನ ಪ್ಯಾಕೆಟ್ಟುಗಳ ತಳಕ್ಕೆ ತೂತು ಹಾಕಿ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು ತುಂಬಿಸಿದೆವು. ಒಂದು ಗಂಟೆ ಮೊದಲು ಕರಟಕ್ಕೆ ನೀರುಣಿಸಿದರೆ ಬೇರಿನ ಸುತ್ತ ಮಣ್ಣು ಉಂಡೆಯಾಗಿ ಬರುತ್ತದೆ. ಸಸಿಯನ್ನು ಎಲೆ ಹಿಡಿದು ಎತ್ತಬೇಕು, ಕಾಂಡ ಹಿಡಿದಲ್ಲ. ಎಲೆ ಹರಿದರೆ ಇನ್ನೊಂದು ಬಂದೀತು, ಕಾಂಡ ಜಜ್ಜಿದರೆ ಸಸಿಯೇ ಹೋಯಿತು. ಇದನ್ನು ಹೇಳಿದರೆ ಸಾಲದು, ಪ್ರತಿ ಗುಂಪಿನ ಬಳಿ ಕುಳಿತು ತೋರಿಸಬೇಕು. ಟೊಮೆಟೊವನ್ನು ಬೀಜದಳದವರೆಗೂ ಹೂಳಬಹುದು. ಹೂತ ಕಾಂಡದಿಂದಲೂ ಬೇರು ಒಡೆಯುತ್ತದೆ. ಎಲ್ಲ ಸಸಿಗೂ ಈ ಮಾತು ಸಲ್ಲದು.

ಇದ್ದ 12 ಸಸಿಗಳಲ್ಲಿ ನಾಲ್ಕರ ಬೇರನ್ನು ತೊಳೆದು, ಬೆರಳಿನಿಂದ ಉಜ್ಜಿ ನೆಡಬೇಕೆಂದು ಪಾಠಯೋಜನೆಯಲ್ಲಿತ್ತು. ಬೇರುರೋಮ ಉದುರಿದರೆ ಏನಾಗುತ್ತದೆಂದು ನೋಡುವುದು ಉದ್ದೇಶ. ಒಬ್ಬ ಹುಡುಗಿ ಕರಟವನ್ನು ಹಿಂದಕ್ಕೆ ಎಳೆದುಕೊಂಡಳು: “ಇದು ಸಾಯ್ತದಲ್ಲ ಟೀಚರ್, ನಾನು ದಿನಾ ನೀರು ಹಾಕಿದ್ದು.” ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಒಂದು ಸಾಕು ಎಂದರು ಕೆಲವರು. ಆ ಒಂದಕ್ಕೆ ಮೊದಲೇ ರೋಗವಿದ್ದರೆ? ಎಂದನೊಬ್ಬ. ಕೊನೆಗೆ ಎರಡು ಎಂದು ತೀರ್ಮಾನವಾಯಿತು. ಕೊಡಲು ಒಪ್ಪಿದವರ ಸಸಿಗಳನ್ನೇ ತೆಗೆದುಕೊಂಡೆವು. ಪ್ರಯೋಗಕ್ಕೆ ಎಷ್ಟು ಮಾದರಿ ಬೇಕೆಂಬ ಚರ್ಚೆ ಯೋಜನೆಯಲ್ಲಿ ಇರಲಿಲ್ಲ, ಆದರೆ ಆ ಹತ್ತು ನಿಮಿಷವನ್ನು ನಾನು ಮೊಟಕು ಮಾಡಲಿಲ್ಲ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮತ್ತೊಂದು ಮಾತು: “ನಮ್ಮ ಗದ್ದೆಗೆ ಅಗೆ ಕಿತ್ತು, ಬೇರು ತೊಳೆದೇ ಕಟ್ಟು ಕಟ್ತಾರೆ. ಅದು ಸಾಯಲ್ಲ.” ನಿಜವೇ. ಉತ್ತರ ಕೊಡುವ ಬದಲು, ಕಿತ್ತ ಅಗೆಯನ್ನು ಎಲ್ಲಿ ನೆಡುತ್ತಾರೆ, ನೆಡುವ ಮೊದಲು ಇನ್ನೇನು ಮಾಡುತ್ತಾರೆ ಎಂದು ಕೇಳಿದೆ. ಕೆಸರು, ನಿಂತ ನೀರು, ಕೆಲವು ಮನೆಗಳಲ್ಲಿ ಎಲೆಯ ತುದಿ ಕತ್ತರಿಸುವುದು, ಎಲ್ಲವೂ ಮಕ್ಕಳ ಬಾಯಿಂದಲೇ ಬಂತು. ಎಲೆ ಕಡಿಮೆಯಾದರೆ ಆವಿಯಾಗಿ ಹೋಗುವ ನೀರೂ ಕಡಿಮೆ ಎಂಬಲ್ಲಿಗೆ ಬಾಷ್ಪವಿಸರ್ಜನೆ ತಾನಾಗಿ ಪಾಠದೊಳಗೆ ಬಂತು.

ಮರುದಿನ ಮಧ್ಯಾಹ್ನ ಉಜ್ಜಿದ ಎರಡೂ ಸಸಿಗಳು ಬಾಗಿದ್ದವು. ಮಣ್ಣಿನುಂಡೆಯೊಂದಿಗೆ ನೆಟ್ಟ ಹತ್ತರಲ್ಲಿ ಒಂದರ ತುದಿ ಮಾತ್ರ ಸ್ವಲ್ಪ ಸೊರಗಿತ್ತು. ಎಲ್ಲವನ್ನೂ ಜಗಲಿಯ ನೆರಳಿಗೆ ಇಡಿಸಿದೆ. ಬಾಗಿದ್ದರಲ್ಲಿ ಒಂದು ನಾಲ್ಕನೆಯ ದಿನ ಎದ್ದು ನಿಂತಿತು, ಇನ್ನೊಂದು ಒಣಗಿತು.

ಈ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಎರಡು ಅವಧಿಗಳ ನಡುವೆ ಐದು ದಿನವಾದರೂ ಬಿಡುವು ಕೇಳಿಕೊಳ್ಳಬೇಕು. ಮೌಲ್ಯಮಾಪನಕ್ಕೆ ನಾನು ಕೊಟ್ಟದ್ದು ಒಂದೇ ಪ್ರಶ್ನೆ: ಸಂಜೆ ನೆಟ್ಟ ಸಸಿಗೂ ಬೆಳಿಗ್ಗೆ ನೆಟ್ಟ ಸಸಿಗೂ ಏನು ವ್ಯತ್ಯಾಸ, ಏಕೆ?