ಬೀಟೆ ಪೆಟ್ಟಿಗೆಯ ಬಣ್ಣ ಉಳಿಯಬೇಕೆಂದರೆ

ಬಡಗಿ ಹೇಳಿದರೆಂದು ಅಜ್ಜಿಯ ಪೆಟ್ಟಿಗೆಗೆ ಉಜ್ಜುವ ಮಷಿನ್ ಹಿಡಿಸಬೇಡಿ, ದಯವಿಟ್ಟು. ಆ ಕಡುಗಂದು ಮೆರುಗು ದಶಕಗಳ ಗಾಳಿ, ಬೆಳಕು, ಕೈಸ್ಪರ್ಶದಿಂದ ಮೇಲ್ಪದರದಲ್ಲಷ್ಟೇ ಮಾಗಿದ್ದು. ಅದನ್ನು ಕೆರೆದು ತೆಗೆದ ಮೇಲೆ ಯಾವ ಸ್ಟೇನ್ ಬಳಿದರೂ ಮರಳಿ ಬಾರದು. ಕಾಸ್ಟಿಕ್ ಸೋಡಾವಂತೂ ಬೇಡವೇ ಬೇಡ.

ಮೊದಲು ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ಎಷ್ಟೋ ಸಲ ‘ಕಪ್ಪಾಗಿದೆ’ ಅನ್ನಿಸುವುದು ಬರೀ ಹೊಗೆ, ಎಣ್ಣೆಜಿಡ್ಡು.

ಆಮೇಲೆ ಹಿಂಬದಿಯ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಅದನ್ನು ಕೀಳಬೇಕಿಲ್ಲ; ಅದರ ಮೇಲೆಯೇ ಮೇಣ ತೆಗೆದ ತಿಳಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ತೀರಾ ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು ಮತ್ತೆ ಹಚ್ಚಿ. ಪೆಟ್ಟಿಗೆಯಲ್ಲಿ ಮೂಳೆಯ ಕೆತ್ತನೆ ಇದ್ದರೆ ಅದರ ಬಳಿ ಮಾತ್ರ ಎಚ್ಚರ: ಸ್ಪಿರಿಟ್ ತಾಗಿದರೆ ಬೀಟೆ ನೇರಳೆ ಬಣ್ಣ ಬಿಡುತ್ತದೆ, ಅದು ಬಿಳಿ ಮೂಳೆಗೆ ಹತ್ತಿಕೊಳ್ಳುತ್ತದೆ. ಅಲ್ಲಿ ಜೇನುಮೇಣವಷ್ಟೇ ಸಾಕು.

ಪಾಲಿಯುರೆಥೇನ್ ವಾರ್ನಿಷ್ ಬಳಿಯಬಹುದೇ ಎಂದು ಕೇಳುವವರಿದ್ದಾರೆ. ಬೀಟೆಯೊಳಗಿನ ಎಣ್ಣೆಯಂಶದಿಂದ ಅದು ಸರಿಯಾಗಿ ಒಣಗದೆ ಇರಬಹುದು, ನಾನು ಒಪ್ಪುವುದಿಲ್ಲ. ಪೆಟ್ಟಿಗೆಯನ್ನು ಕಿಟಕಿಯಿಂದ ದೂರವಿಡಿ, ನೇರ ಬಿಸಿಲಿಗೆ ಬೀಟೆ ಮಂಕಾಗುತ್ತದೆ.