ಉಪಗುತ್ತಿಗೆದಾರರ ವಿವರ ಕಡತದಲ್ಲಿರಬೇಕು: ಕಾಮಗಾರಿ ಪರಿಶೀಲನೆಯಲ್ಲಿ ಸದಸ್ಯರು ಗಮನಿಸಬೇಕಾದ ಅಂಶಗಳು

ಕಾರ್ಯಾದೇಶದಲ್ಲಿ ಒಬ್ಬರ ಹೆಸರಿರುತ್ತದೆ. ಸ್ಥಳದಲ್ಲಿ ಕಾಂಕ್ರೀಟ್ ಹಾಕಿಸುವವರು ಬೇರೆಯವರಾಗಿರುತ್ತಾರೆ. ಇದು ಎಲ್ಲ ಸಂದರ್ಭಗಳಲ್ಲೂ ತಪ್ಪಲ್ಲ. ವಿದ್ಯುತ್ ತಂತಿ ಅಳವಡಿಕೆ, ಕೊಳವೆ ಜೋಡಣೆ, ಕಬ್ಬಿಣ ಕಟ್ಟುವಿಕೆ ಮುಂತಾದ ಕೆಲಸಗಳನ್ನು ಪರಿಣತರಿಗೆ ವಹಿಸುವುದು ನಿರ್ಮಾಣ ಕ್ಷೇತ್ರದ ವಾಡಿಕೆ. ಪಂಚಾಯತಿಯ ಗಮನಕ್ಕೆ ತಾರದೆ ಇಡೀ ಕಾಮಗಾರಿಯನ್ನೇ ಮತ್ತೊಬ್ಬರಿಗೆ ವಹಿಸಿದಾಗ ತೊಡಕು ಆರಂಭವಾಗುತ್ತದೆ.

ಟೆಂಡರ್ ಪ್ರಕ್ರಿಯೆಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಆಧಾರ. ಉಪಗುತ್ತಿಗೆಯ ವಿಷಯವನ್ನು ನಿರ್ಧರಿಸುವುದು ಮಾತ್ರ ಮುಖ್ಯವಾಗಿ ಕರಾರು ಪತ್ರ. ನಿರ್ಮಾಣ ಕಾಮಗಾರಿಗಳ ಕರಾರುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಷರತ್ತು ಎರಡು ಮಾತುಗಳನ್ನು ಹೇಳುತ್ತದೆ: ಕೆಲಸ ವಹಿಸಿದ ಸಂಸ್ಥೆಯ ಅನುಮೋದನೆಯಿಲ್ಲದೆ ಉಪಗುತ್ತಿಗೆ ನೀಡುವಂತಿಲ್ಲ, ಅನುಮೋದನೆ ದೊರೆತರೂ ಮೂಲ ಗುತ್ತಿಗೆದಾರರ ಹೊಣೆ ಕಡಿಮೆಯಾಗುವುದಿಲ್ಲ. ಎರಡನೆಯ ಮಾತನ್ನು ಸದಸ್ಯರು ವಿಶೇಷವಾಗಿ ನೆನಪಿಡಬೇಕು. ಚರಂಡಿ ಕುಸಿದಾಗ ‘ಅದನ್ನು ಮೇಸ್ತ್ರಿ ಮಾಡಿದ್ದು’ ಎಂಬ ಉತ್ತರಕ್ಕೆ ಕರಾರಿನಲ್ಲಿ ಸ್ಥಾನವಿಲ್ಲ.

ವಿವರ ಬಹಿರಂಗವಾಗದಿದ್ದರೆ ಆಗುವ ನಷ್ಟವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 10 ಲಕ್ಷ ರೂಪಾಯಿಯ ಸಿಮೆಂಟ್ ರಸ್ತೆಯ ಗುತ್ತಿಗೆ ಪಡೆದವರು ಅದನ್ನು 8.5 ಲಕ್ಷಕ್ಕೆ ಮತ್ತೊಬ್ಬರಿಗೆ, ಅವರು 7.5 ಲಕ್ಷಕ್ಕೆ ಇನ್ನೊಬ್ಬರಿಗೆ ವಹಿಸಿದರೆಂದು ಭಾವಿಸೋಣ. ಅಂದಾಜು ಪಟ್ಟಿ ಬದಲಾಗಿಲ್ಲ, ಅಳತೆ ಪುಸ್ತಕದಲ್ಲಿ ಬರೆಯಬೇಕಾದ ಉದ್ದ, ಅಗಲ, ದಪ್ಪವೂ ಬದಲಾಗಿಲ್ಲ. ಎರಡೂವರೆ ಲಕ್ಷ ಮಾತ್ರ ರಸ್ತೆಗೆ ಬಂದಿಲ್ಲ. ಕೊನೆಯವರು ತಮ್ಮ ಲಾಭವನ್ನು ಹುಡುಕುವುದು ಸಿಮೆಂಟಿನ ಪ್ರಮಾಣದಲ್ಲಿ, ನೀರುಣಿಸುವ ದಿನಗಳಲ್ಲಿ, ಕೂಲಿಯಲ್ಲಿ. ಮೇಲ್ಮೈ ನೋಡಿದರೆ ಮೊದಲ ವರ್ಷ ಏನೂ ತಿಳಿಯದು.

ಮೀಸಲಾತಿಯ ಪ್ರಶ್ನೆಯೂ ಇಲ್ಲಿದೆ. ನಿಗದಿತ ಮೊತ್ತದವರೆಗಿನ ಕಾಮಗಾರಿಗಳ ಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಿಡಲು ಪಾರದರ್ಶಕತೆ ಅಧಿನಿಯಮಕ್ಕೆ ತಿದ್ದುಪಡಿ ತರಲಾಗಿದೆ. ಮೀಸಲು ಕಾಮಗಾರಿ ಅರ್ಹರ ಹೆಸರಿನಲ್ಲಿ ಮಂಜೂರಾಗಿ, ಅವರಿಗೆ ಅಲ್ಪ ಮೊತ್ತ ಕೊಟ್ಟು ಬೇರೊಬ್ಬರು ನಡೆಸಿದರೆ ಕಾನೂನಿನ ಉದ್ದೇಶವೇ ವಿಫಲವಾಗುತ್ತದೆ. ಉಪಗುತ್ತಿಗೆಯ ವಿವರ ಕೇಳದ ಪಂಚಾಯತಿಗೆ ಇದು ಎಂದಿಗೂ ಕಾಣಿಸದು.

ಸದಸ್ಯರಿಗೆ ನೇರವಾಗಿ ಸಂಬಂಧಿಸಿದ ಅಂಶ ಇನ್ನೊಂದಿದೆ. ಪಂಚಾಯತಿಯ ಕಾಮಗಾರಿಯಲ್ಲಿ ಅಥವಾ ಕರಾರಿನಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಹೊಂದಿರುವುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 12ನೇ ಪ್ರಕರಣದಂತೆ ಅನರ್ಹತೆಗೆ ಕಾರಣ. ‘ಪರೋಕ್ಷ’ ಎಂಬ ಪದದ ವ್ಯಾಪ್ತಿ ಸಣ್ಣದಲ್ಲ. ಕಾಗದದಲ್ಲಿ ಗುತ್ತಿಗೆ ಬೇರೆಯವರದಾಗಿದ್ದರೂ ಉಪಗುತ್ತಿಗೆಯಲ್ಲಿ ಸದಸ್ಯರ ಪಾಲಿದ್ದರೆ ಸ್ಥಾನಕ್ಕೇ ಸಂಚಕಾರ ಬರಬಹುದು.

ಕೂಲಿಕಾರರ ವಿಷಯದಲ್ಲಿ ಗುತ್ತಿಗೆ ಕಾರ್ಮಿಕರ ಅಧಿನಿಯಮ, 1970 ಉಪಗುತ್ತಿಗೆದಾರರನ್ನೂ ‘ಗುತ್ತಿಗೆದಾರ’ ಎಂಬ ಪದದಲ್ಲೇ ಸೇರಿಸಿತು. ಗುತ್ತಿಗೆದಾರರು ಕೂಲಿ ಕೊಡದಿದ್ದರೆ ಪ್ರಧಾನ ನಿಯೋಜಕರು ಕೊಟ್ಟು, ಅನಂತರ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬೇಕೆಂಬ ತತ್ವವನ್ನೂ ಅದು ಸ್ಥಾಪಿಸಿತು. ಕೆಲಸ ಮಾಡಿಸುತ್ತಿರುವವರು ಯಾರೆಂದೇ ದಾಖಲೆಯಿಲ್ಲದಿದ್ದರೆ, ಹೊರಜಿಲ್ಲೆಯಿಂದ ಬಂದ ಕಾರ್ಮಿಕರು ತಮ್ಮ ಬಾಕಿಗೆ ಯಾರ ಬಾಗಿಲು ತಟ್ಟಬೇಕು? ಇನ್ನು ಉದ್ಯೋಗ ಖಾತರಿ ಅಧಿನಿಯಮ, 2005ರ ಕಾಮಗಾರಿಗಳಲ್ಲಿ ಗುತ್ತಿಗೆದಾರರನ್ನು ತೊಡಗಿಸುವುದನ್ನೇ ಅದರ ಅನುಸೂಚಿ ನಿಷೇಧಿಸಿದೆ. ಅಲ್ಲಿ ಉಪಗುತ್ತಿಗೆಯ ಮಾತೇ ಏಳದು.

ಕ್ರಮ ಕಷ್ಟದ್ದಲ್ಲ. ಕಾರ್ಯಾದೇಶ ನೀಡುವ ಮುನ್ನ ಗುತ್ತಿಗೆದಾರರಿಂದ ಲಿಖಿತ ಹೇಳಿಕೆ ಪಡೆಯುವಂತೆ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬಹುದು: ಯಾವ ಭಾಗವನ್ನು ಯಾರಿಗೆ ವಹಿಸಲಾಗುವುದು, ಅವರ ವಿಳಾಸ ಮತ್ತು ಅನುಭವವೇನು, ಮೊತ್ತವೆಷ್ಟು. ಯಾರಿಗೂ ವಹಿಸುವುದಿಲ್ಲವಾದರೆ ಅದನ್ನೂ ಬರೆದುಕೊಡಬೇಕು. ಕೆಲಸದ ನಡುವೆ ಬದಲಾವಣೆಯಾದರೆ ಮೊದಲು ಅನುಮೋದನೆ, ಅನಂತರ ಕೆಲಸ. ಹೇಳಿಕೆಯ ಪ್ರತಿ ಅಳತೆ ದಾಖಲಿಸುವ ಎಂಜಿನಿಯರ್ ಬಳಿಯೂ ಇದ್ದರೆ ಸ್ಥಳ ಪರಿಶೀಲನೆಯ ವೇಳೆ ಹೋಲಿಸಿ ನೋಡಲು ಅನುಕೂಲ.

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕರಾರು ಪತ್ರಗಳೂ ‘ಮಾಹಿತಿ’ಯೇ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಾಗರಿಕರಿಗಿದೆ. ಆದ್ದರಿಂದ ಈ ಹೇಳಿಕೆಯನ್ನು ಜಮಾಬಂದಿಯ ದಿನ ಕಾಮಗಾರಿ ಕಡತದೊಂದಿಗೆ ಗ್ರಾಮಸ್ಥರ ಮುಂದಿಡಲು ಹಿಂಜರಿಯಬೇಕಿಲ್ಲ. ಅಂತಿಮ ಬಿಲ್ಲು ಮಂಡನೆಯಾದಾಗ ಹೇಳಿಕೆಯಲ್ಲಿರುವ ಹೆಸರಿಗೂ ಸ್ಥಳದಲ್ಲಿ ಕೆಲಸ ಮಾಡಿಸಿದವರಿಗೂ ವ್ಯತ್ಯಾಸ ಕಂಡುಬಂದರೆ, ಪಾವತಿಗೆ ಮುನ್ನ ಗುತ್ತಿಗೆದಾರರಿಂದ ಲಿಖಿತ ವಿವರಣೆ ಕೇಳಿ, ಅದನ್ನು ಸಭಾ ನಡಾವಳಿಯಲ್ಲಿ ದಾಖಲಿಸತಕ್ಕದ್ದು.